ಲಿಂಗತ್ವ ಅಲ್ಪಸಂಖ್ಯಾತರೂ ನಾಗರಿಕ ಹಕ್ಕುಗಳ ರಕ್ಷಣೆಯೂ

ನಾಗರಿಕ ಹಕ್ಕು ಎಂಬ ಮಾತು ಕೋಲಾರ ಸೀಮೆಯ ಜನರಿಗೆ ಗ್ರಂಥಗಳ ಮೂಲಕ ಪರಿಚಿತವಾದುದಲ್ಲ. ಊರ ಬಾವಿಯಿಂದ ನೀರು ಸೇದಕೂಡದು, ಹೋಟೆಲಿನ ಬೆಂಚಿನ ಮೇಲೆ ಎಲ್ಲರ ಸಮಕ್ಕೆ ಕೂಡಕೂಡದು, ದೇವಸ್ಥಾನದ ಹೊಸಿಲು ದಾಟಕೂಡದು ಎಂಬ ನಿಷೇಧಗಳ ನಡುವೆ ತಲೆಮಾರುಗಳನ್ನು ಕಳೆದ ಜನಸಮುದಾಯಕ್ಕೆ, 1955ನೆಯ ಇಸವಿಯ ಜೂನ್ 1ರಂದು ಜಾರಿಗೆ ಬಂದ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು, ಅಂಥ ನಿಷೇಧವನ್ನು ವಿಧಿಸುವವನು ಅಧಿಕಾರಿಯಾಗಿರದೆ ನೆರೆಮನೆಯವನೋ ಅಂಗಡಿಯವನೋ ಆಗಿದ್ದರೂ ಅವನು ಶಿಕ್ಷಾರ್ಹನೇ ಎಂಬುದನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ಸಾರಿತು. 1976ರಲ್ಲಿ ಅದೇ ಅಧಿನಿಯಮಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರಾಯಿತು. ಕಾನೂನು ಬಂದಮಾತ್ರಕ್ಕೆ ಅನ್ಯಾಯವು ನಿಂತುಹೋಯಿತೆಂದು ಹೇಳುವ ಧೈರ್ಯ ಈ ಜಿಲ್ಲೆಯವರಾರಿಗೂ ಇರಲಾರದು. 2000ದ ಮಾರ್ಚ್ 11ರಂದು, ಆಗಿನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಸಹಿತ ಸುಟ್ಟರು. ಮುಂದೆ ಆರೋಪಿಗಳು ಖುಲಾಸೆಯಾದರು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಉತ್ಸವದ ಕೋಲನ್ನು ದಲಿತ ಹುಡುಗನೊಬ್ಬನು ಮುಟ್ಟಿದನೆಂಬ ಕಾರಣಕ್ಕೆ ಅವನ ಮನೆಯವರಿಗೆ 60,000 ರೂಪಾಯಿ ದಂಡ ವಿಧಿಸಿದರು. ಇಷ್ಟಾದರೂ ಒಂದು ಸಂಗತಿ ಸ್ಮರಣೀಯವಾಗಿದೆ: ಉಳ್ಳೇರಹಳ್ಳಿಯ ಆ ಹುಡುಗನ ತಾಯಿಯ ದೂರನ್ನು ಪೊಲೀಸರು ಬರೆದುಕೊಳ್ಳಬೇಕಾದಾಗ, ಬರೆಯುವುದಕ್ಕೆ ಒಂದು ಕಲಮು ಇತ್ತು.

ಇಂಥ ಕಲಮು ಇನ್ನೂ ಇಲ್ಲದ ಜನರ ವಿಷಯವನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ಗಂಡಾಗಿ ಹುಟ್ಟಿಯೂ ತಾನು ಹೆಣ್ಣೆಂದು ಅಂತರಂಗದಲ್ಲಿ ಅರಿತುಕೊಂಡವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವವರು, ತಮ್ಮದೇ ಲಿಂಗದವರಲ್ಲಿ ಪ್ರೇಮವನ್ನಿಡುವ ಸ್ತ್ರೀಪುರುಷರು – ಇವರೆಲ್ಲರನ್ನೂ ನಮ್ಮ ಪತ್ರಿಕೆಗಳು ಈಗ ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯುತ್ತವೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡು ಕಾಲಮುಗಳನ್ನು ಬಿಟ್ಟು ಇತರರೆಂದು ಬರೆಸಿಕೊಂಡವರು ದೇಶದಲ್ಲಿ 4,87,803 ಮಂದಿ. ಕರ್ನಾಟಕದಲ್ಲಿ 20,266 ಮಂದಿ. ಮನೆಗೆ ಬಂದ ಗಣತಿದಾರನೆದುರು, ತಂದೆತಾಯಿಗಳು ಕೇಳುತ್ತಿರುವಾಗ, ಇಷ್ಟನ್ನು ಹೇಳಿಕೊಳ್ಳಬಲ್ಲವರು ಎಷ್ಟು ಮಂದಿ ಇದ್ದಾರು ಎಂಬುದನ್ನು ಯೋಚಿಸಿದರೆ, ಈ ಅಂಕಿಯು ವಸ್ತುಸ್ಥಿತಿಯ ಕಿಂಚಿದಂಶವೆಂಬುದು ಸ್ಪಷ್ಟವಾಗುತ್ತದೆ. ಸಲಿಂಗಪ್ರೇಮಿಗಳನ್ನಂತೂ ಆ ಗಣತಿ ಎಣಿಸಲೇ ಇಲ್ಲ.

ಈ ಜನರೊಡನೆ ನಮ್ಮ ರಾಜ್ಯವ್ಯವಸ್ಥೆಗಿದ್ದ ಸಂಬಂಧ ಬಹುಕಾಲ ದಂಡದ ಸಂಬಂಧವೊಂದೇ. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಪ್ರಕೃತಿನಿಯಮಕ್ಕೆ ವಿರುದ್ಧವಾದ ಸಂಭೋಗವೆಂಬ ಅಸ್ಪಷ್ಟವಾದ ಮಾತಿನಿಂದ ಇವರ ಪ್ರೇಮವನ್ನು ಅಪರಾಧವೆಂದು ಬರೆದಿಟ್ಟಿತು. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟು ಉತ್ತರ ದೇಶದ ಹಿಜ್ರಾಗಳ ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆಸಿ, ಹೆಣ್ಣುಡುಗೆಯನ್ನುಟ್ಟು ಸಾರ್ವಜನಿಕವಾಗಿ ಕಾಣಿಸಿಕೊಳ್ಳುವುದನ್ನೂ ಹಾಡಿ ಕುಣಿಯುವುದನ್ನೂ ದತ್ತು ತೆಗೆದುಕೊಳ್ಳುವುದನ್ನೂ ಉಯಿಲು ಬರೆಯುವುದನ್ನೂ ನಿಷೇಧಿಸಿತು. ಕಲಬುರಗಿ, ಬೀದರ್, ರಾಯಚೂರುಗಳನ್ನೊಳಗೊಂಡಿದ್ದ ನಿಜಾಮನ ಸಂಸ್ಥಾನವು 1919ರಲ್ಲಿ ಅದೇ ಮಾದರಿಯ ಶಾಸನವೊಂದನ್ನು ಮಾಡಿಕೊಂಡಿತು. ತೆಲಂಗಾಣದಲ್ಲಿ ಉಳಿದುಬಂದಿದ್ದ ಆ ಶಾಸನವನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ರದ್ದುಮಾಡಿದ್ದು 2023ರ ಜುಲೈಯಲ್ಲಿ. ಇವೆಲ್ಲ ಪರಕೀಯರ ಮತ್ತು ರಾಜಮಹಾರಾಜರ ಕಾಲದ ಮಾತು ಎಂದು ಯಾರಾದರೂ ಸಮಾಧಾನಪಟ್ಟುಕೊಳ್ಳುವುದಾದರೆ ಅವರು ನಮ್ಮ ರಾಜ್ಯದ್ದೇ ಒಂದು ಸಂಗತಿಯನ್ನು ತಿಳಿಯಬೇಕು. 2011ರಲ್ಲಿ, ಎಂದರೆ ಸ್ವರಾಜ್ಯ ಬಂದು ಅರುವತ್ತನಾಲ್ಕು ವರ್ಷಗಳಾದ ಮೇಲೆ, ಕರ್ನಾಟಕದ ಶಾಸನಸಭೆಯು 1963ರ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ 36ಎ ಎಂಬ ಹೊಸ ಕಲಮನ್ನು ಸೇರಿಸಿ, ಇದೇ ಜನರ ಹೆಸರು ವಾಸಸ್ಥಳಗಳ ರಿಜಿಸ್ಟರನ್ನಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 1871ರ ಶಾಸನದ ಪದಪದ್ಧತಿಯೇ ನೂರ ನಲವತ್ತು ವರ್ಷಗಳ ಅನಂತರ ಬೆಂಗಳೂರಿನಲ್ಲಿ ಪುನರ್ಜನ್ಮವನ್ನು ಪಡೆಯಿತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯು ಉಚ್ಚ ನ್ಯಾಯಾಲಯಕ್ಕೆ ಹೋದಮೇಲೆ, ಮೊಕದ್ದಮೆ ನಡೆಯುತ್ತಿರುವಾಗ, ಸರಕಾರವು ಆ ಸಮುದಾಯವನ್ನು ಹೆಸರಿಸಿದ್ದ ಶಬ್ದವನ್ನು ತೆಗೆದು ಸಾಮಾನ್ಯವಾಗಿ ವ್ಯಕ್ತಿಗಳೆಂದು ತಿದ್ದಿತು; 2017ರಲ್ಲಿ ಮೊಕದ್ದಮೆ ಮುಗಿಯಿತು. ಪೊಲೀಸ್ ಠಾಣೆಗಳಲ್ಲಿ ಈ ಜನ ಅನುಭವಿಸುತ್ತ ಬಂದ ಪೀಡೆಯ ವೃತ್ತಾಂತವನ್ನು ನಾಗರಿಕ ಸ್ವಾತಂತ್ರ್ಯಗಳಿಗಾಗಿ ದುಡಿಯುವ ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಶಾಖೆಯು 2001ರಲ್ಲೂ 2003ರಲ್ಲೂ ವರದಿಗಳಾಗಿ ಪ್ರಕಟಿಸಿದ್ದಿತು. ಅವನ್ನು ಓದಿಕೊಂಡಿದ್ದ ಶಾಸಕನಾವನೂ 36ಎ ಕಲಮಿಗೆ ಕೈಯೆತ್ತುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಶಾಸನಸಭೆಗಳು ಮಾಡದುದನ್ನು ನ್ಯಾಯಸ್ಥಾನಗಳು ಮಾಡಿದುವು. ಆ ಕಥೆ ಈಗಾಗಲೇ ಸುಪರಿಚಿತವಾದುದರಿಂದ ಸಂಕ್ಷೇಪವಾಗಿ ಹೇಳಬಹುದು. ದೆಹಲಿಯ ಉಚ್ಚ ನ್ಯಾಯಾಲಯವು 2009ರ ಜುಲೈ 2ರಂದು 377ನೆಯ ಕಲಮನ್ನು ವಯಸ್ಕರ ಸಮ್ಮತ ಸಂಬಂಧದ ಮಟ್ಟಿಗೆ ಅಸಿಂಧುವೆಂದಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ನಾಲ್ಕೇ ತಿಂಗಳ ಅನಂತರ, 2014ರ ಏಪ್ರಿಲ್ 15ರಂದು, ಅದೇ ನ್ಯಾಯಾಲಯದ ಮತ್ತೊಂದು ಪೀಠವು ನಾಲ್ಸಾ ಮೊಕದ್ದಮೆಯಲ್ಲಿ, ತನ್ನ ಲಿಂಗತ್ವವನ್ನು ನಿರ್ಧರಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದೆಂದು ಸಾರಿತು. ಈ ಎರಡು ಪರಸ್ಪರವಿರುದ್ಧ ನಿರ್ಣಯಗಳ ನಡುವಿನ ಗಂಟನ್ನು ಬಿಚ್ಚಿದ್ದು ಒಬ್ಬ ಕನ್ನಡಿಗರ ಹೆಸರಿನ ಮೊಕದ್ದಮೆ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಮನವಿ ಹಾಕಿದಾಗ ಅವರ ವಯಸ್ಸು ಎಂಬತ್ತನ್ನು ಮೀರಿದ್ದಿತು. ಆ ಮನವಿಯಿಂದ ಹೊರಟ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೂ ಏರಿ, ಖಾಸಗಿತನವು ಮೂಲಭೂತ ಹಕ್ಕೆಂಬ 2017ರ ಆಗಸ್ಟ್ 24ರ ಸರ್ವಾನುಮತದ ತೀರ್ಪಾಗಿ ಪರಿಣಮಿಸಿತು. ಲೈಂಗಿಕ ಅಭಿರುಚಿಯು ಆ ಖಾಸಗಿತನದ ತಿರುಳಿಗೇ ಸೇರಿದುದೆಂದು ಅಲ್ಲಿ ಸ್ಪಷ್ಟಪಡಿಸಲಾಯಿತು. ಮರುವರ್ಷದ ಸೆಪ್ಟೆಂಬರ್ 6ರಂದು ಐವರ ಪೀಠವು ನವತೇಜ್ ಸಿಂಗ್ ಜೋಹರ್ ಮೊಕದ್ದಮೆಯಲ್ಲಿ 377ರ ಕಾಟವನ್ನು ನಿವಾರಿಸಿತು. ಆ ಮೊಕದ್ದಮೆಯ ಅರ್ಜಿದಾರರಲ್ಲಿ, 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯನ್ನು ಪಡೆದಿದ್ದ ಬೆಂಗಳೂರಿನ ಅಕ್ಕಯ್ ಪದ್ಮಶಾಲಿಯವರೂ ಇದ್ದರು.

ಈ ತೀರ್ಪುಗಳ ಮಹತ್ತ್ವವನ್ನು ಕಡಮೆಯೆಂದೆಣಿಸಲಾಗದು. ಆದರೆ ಅವುಗಳ ಎಲ್ಲೆಯನ್ನು ಅರಿಯುವುದೂ ಅಷ್ಟೇ ಅವಶ್ಯಕ. ಸಂವಿಧಾನದ 15ನೆಯ ಅನುಚ್ಛೇದವು ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂದು ಕಟ್ಟುಮಾಡುವುದು ಮುಖ್ಯವಾಗಿ ಸರಕಾರವನ್ನು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳ ಮಟ್ಟಿಗೆ ಅದರ ಎರಡನೆಯ ಖಂಡವು ಖಾಸಗಿಯವರನ್ನೂ ತಡೆಯುತ್ತದೆಂಬುದು ನಿಜ. ಆದರೆ ತಡೆದದ್ದನ್ನು ಮೀರಿದವನಿಗೆ ಶಿಕ್ಷೆಯೇನು, ದೂರನ್ನು ಯಾರೆದುರು ಕೊಡತಕ್ಕದ್ದು, ಪರಿಹಾರವನ್ನು ಯಾರು ಕೊಡಿಸತಕ್ಕದ್ದು ಎಂಬುದನ್ನು ಶಾಸನದ ಹೊರತು ಸಂವಿಧಾನವೇ ಹೇಳಲಾರದು. ಅಸ್ಪೃಶ್ಯತೆಯನ್ನು 17ನೆಯ ಅನುಚ್ಛೇದವು ನಿರ್ಮೂಲ ಮಾಡಿದ್ದರೂ 1955ರ ಅಧಿನಿಯಮ ಬೇಕಾದುದು ಈ ಕಾರಣದಿಂದಲೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಪ್ರಶ್ನೆ ಬೇರೆ ಕ್ರಮದಲ್ಲಿ ಎದ್ದಿತು. ಅಲ್ಲಿಯ 1964ರ ನಾಗರಿಕ ಹಕ್ಕುಗಳ ಅಧಿನಿಯಮವು ಖಾಸಗಿ ಮಾಲೀಕರನ್ನೂ ಕಟ್ಟುಮಾಡುವಂಥದು. ಅದರಲ್ಲಿ ಉದ್ಯೋಗದ ವಿಷಯವಾಗಿ ಲಿಂಗಭೇದವನ್ನು ನಿಷೇಧಿಸಿದ ಭಾಗವು ಸಲಿಂಗಪ್ರೇಮಿಗಳನ್ನೂ ಲಿಂಗಾಂತರಿಗಳನ್ನೂ ಒಳಗೊಳ್ಳುತ್ತದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2020ರ ಜೂನ್ 15ರಂದು ಬಾಸ್ಟಕ್ ಮೊಕದ್ದಮೆಯಲ್ಲಿ ಹೇಳಿತು. ವಸತಿ, ಶಿಕ್ಷಣ, ಸಾಲ, ಸಾರ್ವಜನಿಕ ಸ್ಥಳಗಳಿಗೂ ಅದೇ ರಕ್ಷಣೆಯನ್ನು ಸ್ಪಷ್ಟವಾಗಿ ವಿಸ್ತರಿಸಬೇಕೆಂಬ ಮಸೂದೆಯ ಪ್ರಥಮ ರೂಪವು 1974ರಷ್ಟು ಹಿಂದೆಯೇ ಅಲ್ಲಿಯ ಪ್ರತಿನಿಧಿಸಭೆಯ ಮುಂದೆ ಬಂದಿತ್ತು. 2019ರಲ್ಲೂ 2021ರಲ್ಲೂ ಆ ಸಭೆ ಅದನ್ನು ಅಂಗೀಕರಿಸಿತಾದರೂ ಸೆನೆಟ್ಟಿನಲ್ಲಿ ಅದು ಮುಂದೆ ಸಾಗಲಿಲ್ಲ. ಅವರಿಗೆ ಖಾಸಗಿಯವರನ್ನು ಕಟ್ಟುಮಾಡುವ ಶಾಸನವಾದರೂ ಮೊದಲಿದ್ದು, ಅದರ ಅರ್ಥವನ್ನು ಹಿಗ್ಗಿಸುವುದಷ್ಟೇ ನ್ಯಾಯಾಲಯದ ಪಾಲಿಗೆ ಬಂತು. ನಮ್ಮಲ್ಲಿ ನ್ಯಾಯಾಲಯವು ಅರ್ಥವನ್ನು ಹಿಗ್ಗಿಸಿದೆ. ಖಾಸಗಿ ಮಾಲೀಕನನ್ನೂ ಮನೆಯೊಡೆಯನನ್ನೂ ಕಟ್ಟುಮಾಡುವ ಸಾಮಾನ್ಯ ಶಾಸನವೇ ಇಲ್ಲ.

ಇದರ ಪರಿಣಾಮವು ಮುಳಬಾಗಿಲಿನಂಥ ಊರಿನಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ನಾನು ಹತ್ತಿರದಿಂದ ಬಲ್ಲ ಒಂದು ಪ್ರಸಂಗವನ್ನು ಹೇಳಬಹುದು. ಬೆಂಗಳೂರಿನಲ್ಲಿ ಲಿಂಗಾಂತರಿಗಳು ಒಟ್ಟಿಗೆ ಬಾಳುವ ಹಮಾಮೊಂದರಲ್ಲಿ ಬಹುವರ್ಷ ಕಳೆದು, ತಾಯಿಗೆ ಮೈ ಸರಿಯಿಲ್ಲವೆಂದು ಊರಿಗೆ ಮರಳಿದ ಒಬ್ಬಾಕೆ, ತಾಯಿಯನ್ನಿಟ್ಟುಕೊಂಡಿರಲು ಒಂದು ಬಾಡಿಗೆ ಮನೆಯನ್ನು ಹುಡುಕುತ್ತಿದ್ದಳು. ಬಾಗಿಲಿಗೆ ಬಾಡಿಗೆಯ ಹಲಗೆ ತೂಗುಹಾಕಿದ್ದ ಮನೆಯೊಂದರ ಯಜಮಾನಿ ಜಗಲಿಯ ಮೇಲೆ ಕೂಡಿಸಿ, ತಾಯಿಯ ಕಾಯಿಲೆಯನ್ನು ಕುರಿತು ಮರುಕದಿಂದಲೇ ವಿಚಾರಿಸಿ, ಕಡೆಗೆ, “ನಮಗೇನೂ ಇಲ್ಲಮ್ಮ, ಬೀದಿಯವರು ಒಪ್ಪಲ್ಲ. ನಾಳೆ ನಮ್ಮ ಹುಡುಗಿಯನ್ನ ನೋಡೋಕೆ ಬರೋರು ಏನಂದ್ಕೊಂಡಾರು?” ಎಂದರು. “ಅಕ್ಕಾ, ಅಡ್ವಾನ್ಸು ಎರಡು ತಿಂಗಳದ್ದು ಜಾಸ್ತಿ ಕೊಡ್ತೀನಿ” ಎಂದು ಆಕೆ ಸೆರಗಿನ ಗಂಟನ್ನು ಬಿಚ್ಚಿ ನೋಟುಗಳನ್ನು ಮಡಿಲಲ್ಲಿಟ್ಟುಕೊಂಡು ಎಣಿಸತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು; ಮನೆಯವರಿಗೂ ಜೊತೆಗೆ ಹೋಗಿದ್ದವರಿಗೂ ಸ್ಟೀಲು ಲೋಟದಲ್ಲಿ, ಆಕೆಗೆ ಮಾತ್ರ ಕಾಗದದ ಲೋಟದಲ್ಲಿ. ಆಕೆ ಅದನ್ನು ಕುಡಿದು, ಖಾಲಿ ಲೋಟವನ್ನು ಮಡಿಸಿ ತನ್ನ ಚೀಲದೊಳಕ್ಕೇ ಹಾಕಿಕೊಂಡು ಎದ್ದಳು.

ಬೇರೆ ಲೋಟವೆಂದರೇನೆಂಬುದು ಈ ಜಿಲ್ಲೆಗೆ ತಿಳಿಯದ ವಿಷಯವಲ್ಲ. ಹೋಟೆಲುಗಳಲ್ಲಿ ದಲಿತರಿಗಾಗಿ ಪ್ರತ್ಯೇಕವಾಗಿಟ್ಟ ಲೋಟವನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಕಲಮು ಅಪರಾಧವೆನ್ನುತ್ತದೆ. ಯಾವುದೇ ಬಡಾವಣೆಯಲ್ಲಿ ವಾಸದ ಮನೆಯನ್ನು ಹೊಂದುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಮಾಡುವುದನ್ನೂ ಅದೇ ಕಲಮು ಅಪರಾಧವೆನ್ನುತ್ತದೆ. ಹಾಗಾದರೆ ಜಗಲಿಯಿಂದ ಎದ್ದುಹೋದ ಆ ಹೆಣ್ಣುಮಗಳಿಗೆ ಯಾವ ಶಾಸನ ಆಶ್ರಯ? 2019ರ ಲಿಂಗಾಂತರಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಅಧಿನಿಯಮವೊಂದೇ. ಅದರ ಗುಣದೋಷಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವೇಚಿಸಬೇಕು.

ಆ ಅಧಿನಿಯಮಕ್ಕೆ ಹಿಂದೆ ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. ತಮಿಳುನಾಡಿನ ಸದಸ್ಯರಾದ ತಿರುಚ್ಚಿ ಶಿವ ಅವರ ಖಾಸಗಿ ಮಸೂದೆಯನ್ನು 2015ರ ಏಪ್ರಿಲ್ 24ರಂದು ರಾಜ್ಯಸಭೆಯು ಅಂಗೀಕರಿಸಿತು. ಖಾಸಗಿ ಸದಸ್ಯರೊಬ್ಬರ ಮಸೂದೆ ಸಂಸತ್ತಿನ ಒಂದು ಸಭೆಯಲ್ಲಿ ಅಂಗೀಕೃತವಾಗಿ ಆಗಲೇ ದಶಕಗಳೇ ಕಳೆದಿದ್ದುವು. ಅದು ಶಾಸನವಾಗಲಿಲ್ಲ. ಸರಕಾರವು ತನ್ನದೇ ಮಸೂದೆಯನ್ನು ತಂದು, ಅದು ಹಲವು ರೂಪಗಳನ್ನು ತಾಳಿ, 2019ರ ನವೆಂಬರ್ 26ರಂದು ಸಂಸತ್ತಿನ ಒಪ್ಪಿಗೆಯನ್ನು ಪಡೆದು, 2020ರ ಜನವರಿ 10ರಿಂದ ಜಾರಿಗೆ ಬಂತು. ಅದರ 3ನೆಯ ಕಲಮು ಶಿಕ್ಷಣ, ಉದ್ಯೋಗ, ವೈದ್ಯಕೀಯ, ಸಂಚಾರಗಳಲ್ಲೂ, ಮನೆಯನ್ನು ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ವಿಷಯದಲ್ಲೂ ತಾರತಮ್ಯ ಕೂಡದೆಂದು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಶಿಕ್ಷೆಗಳನ್ನು ಹೇಳುವ 18ನೆಯ ಕಲಮಿಗೆ ಬಂದರೆ, ಬಿಟ್ಟಿ ದುಡಿಮೆ ಮಾಡಿಸುವುದು, ಸಾರ್ವಜನಿಕ ಸ್ಥಳಕ್ಕೆ ಬಿಡದಿರುವುದು, ಮನೆ ಅಥವಾ ಊರು ಬಿಡಿಸುವುದು, ದೈಹಿಕ, ಲೈಂಗಿಕ, ಮಾತಿನ, ಮಾನಸಿಕ, ಆರ್ಥಿಕ ಹಿಂಸೆ ಕೊಡುವುದು – 2019ರ ರೂಪದಲ್ಲಿ ಇಷ್ಟೇ ಅಲ್ಲಿ ಅಪರಾಧಗಳು. ಬಾಡಿಗೆ ಮನೆಯನ್ನು ನಿರಾಕರಿಸಿದವನಿಗಾಗಲಿ ಕೆಲಸದಿಂದ ಬಿಡಿಸಿದವನಿಗಾಗಲಿ ಅಲ್ಲಿ ಶಿಕ್ಷೆಯೂ ಇಲ್ಲ, ನೊಂದವರಿಗೆ ಪರಿಹಾರವೂ ಇಲ್ಲ. ಇದಕ್ಕಿಂತ ಗುರುತರವಾದ ದೋಷ ಮತ್ತೊಂದಿದೆ. 2019ರಲ್ಲಿ ಅಂಗೀಕೃತವಾದ ರೂಪದಲ್ಲಿ 18ನೆಯ ಕಲಮಿನ ಯಾವ ಅಪರಾಧಕ್ಕೂ ಪರಮಾವಧಿ ಶಿಕ್ಷೆ ಎರಡು ವರ್ಷ. ಹೆಣ್ಣಾಗಿ ಹುಟ್ಟಿದವಳ ಮೇಲೆ ಬಲಾತ್ಕಾರ ನಡೆದರೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಲಿಂಗಾಂತರಿ ಹೆಣ್ಣಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಈ ಅಧಿನಿಯಮದ ಪ್ರಕಾರ ಆರು ತಿಂಗಳಿಂದ ಎರಡು ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಬಂದಾಗ 377ನೆಯ ಕಲಮನ್ನು ಪೂರ್ಣವಾಗಿ ಬಿಟ್ಟುಬಿಟ್ಟುದರಿಂದ, ಸಮ್ಮತಿಯಿಲ್ಲದ ಕೃತ್ಯಗಳ ಮಟ್ಟಿಗೆ ಪುರುಷರಿಗೂ ಲಿಂಗಾಂತರಿಗಳಿಗೂ ಉಳಿದಿದ್ದ ಅಲ್ಪ ರಕ್ಷಣೆಯೂ ಇಲ್ಲವಾಯಿತು. ದೇಹವೊಂದರ ಮೇಲಣ ಅತ್ಯಾಚಾರಕ್ಕೆ ಕಾನೂನು ಕಟ್ಟುವ ಬೆಲೆಯು ಆ ದೇಹದ ಲಿಂಗವನ್ನು ನೋಡಿ ಬದಲಾಗುವುದಾದರೆ, ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೆಯ ಅನುಚ್ಛೇದಕ್ಕೆ ಯಾವ ಅರ್ಥ ಉಳಿಯಿತು?

ಗುರುತಿನ ಪತ್ರದ ವಿಷಯವೂ ಹಾಗೆಯೇ ತೊಡಕಿನದು. ತನ್ನ ಲಿಂಗತ್ವವನ್ನು ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗೇ ಸೇರಿದ್ದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರೂ, 2019ರ ಅಧಿನಿಯಮವು ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ಬೇಡುತ್ತದೆ; ಗಂಡೆಂದೋ ಹೆಣ್ಣೆಂದೋ ಬರೆಸಿಕೊಳ್ಳಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಬೇಡುತ್ತದೆ. 2020ರ ನಿಯಮಗಳ ಪ್ರಕಾರ ಅರ್ಜಿ ಕೊಟ್ಟ ಮೂವತ್ತು ದಿನಗಳೊಳಗೆ ಪ್ರಮಾಣಪತ್ರ ಬರಬೇಕು. ಓದುಬರಹ ಕಡಮೆಯಿದ್ದು, ಮನೆಯವರು ಹೊರಹಾಕಿದಾಗ ಶಾಲೆಯ ಟಿ.ಸಿ.ಯನ್ನೂ ಕೈಗೆ ತೆಗೆದುಕೊಳ್ಳದೆ ಬಂದವಳಿಗೆ, ಮುಳಬಾಗಿಲಿನಿಂದ ಕೋಲಾರದ ಜಿಲ್ಲಾಧಿಕಾರಿಗಳ ಕಚೇರಿಯವರೆಗಿನ ಸುಮಾರು 30 ಕಿಲೋಮೀಟರಿನ ದಾರಿಗಿಂತ ದಾಖಲೆಗಳನ್ನು ಹೊಂದಿಸಿಕೊಳ್ಳುವ ದಾರಿ ದೂರವಾದುದು. ಇನ್ನು ಮನೆಯಿಂದ ಹೊರಬಿದ್ದವರನ್ನು ಅಪ್ಪಿಕೊಂಡು ಸಾಕಿದ ಗುರು–ಚೇಲಾ ಸಂಬಂಧದ ಕುಟುಂಬವನ್ನು ಈ ಅಧಿನಿಯಮ ಗುರುತಿಸುವುದೇ ಇಲ್ಲ; ಹೆತ್ತವರು ನೋಡಿಕೊಳ್ಳದಿದ್ದರೆ ಪುನರ್ವಸತಿ ಕೇಂದ್ರಕ್ಕೆ ಎನ್ನುತ್ತದೆ.

ಇರುವಷ್ಟು ರಕ್ಷಣೆಯನ್ನಾದರೂ ಸರಕಾರಗಳು ಆಚರಣೆಗೆ ತಂದವೇ ಎಂದರೆ ಅದೂ ಇಲ್ಲ. ಲಿಂಗಾಂತರಿಯೆಂಬ ಕಾರಣಕ್ಕೆ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸವನ್ನು ಕಳೆದುಕೊಂಡ ಶಿಕ್ಷಕಿ ಜೇನ್ ಕೌಶಿಕ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 17ರಂದು, ಕೇಂದ್ರವೂ ರಾಜ್ಯಗಳೂ ಈ ಅಧಿನಿಯಮವನ್ನು ಆಚರಣೆಗೆ ತರುವುದರಲ್ಲಿ ತೋರಿದ ಔದಾಸೀನ್ಯವನ್ನು ಖಂಡಿಸಿ, ಆಕೆಗೆ ಪರಿಹಾರ ಕೊಡಿಸಿ, ಸಮಾನಾವಕಾಶದ ನೀತಿಯೊಂದನ್ನು ರಚಿಸುವುದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು.

ಕರ್ನಾಟಕವು ಈ ವಿಷಯದಲ್ಲಿ ಮಾಡಿದ ಒಳ್ಳೆಯ ಕೆಲಸಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮೈತ್ರಿ ಎಂಬ ಮಾಸಾಶನವಿದೆ. 2017ರಲ್ಲಿ ಸಚಿವಸಂಪುಟವು ಲಿಂಗತ್ವ ಅಲ್ಪಸಂಖ್ಯಾತರ ರಾಜ್ಯನೀತಿಯನ್ನು ಅಂಗೀಕರಿಸಿತು. ಸಂಗಮ ಮತ್ತು ಜೀವ ಎಂಬ ಸಂಸ್ಥೆಗಳು ಉಚ್ಚ ನ್ಯಾಯಾಲಯದಲ್ಲಿ ನಡೆಸಿದ ಮೊಕದ್ದಮೆಯ ಫಲವಾಗಿ, 2021ರ ಜುಲೈಯಲ್ಲಿ ಸರಕಾರಿ ನೇಮಕಗಳ ನಿಯಮವನ್ನು ತಿದ್ದಿ, ಪ್ರತಿಯೊಂದು ಪ್ರವರ್ಗದೊಳಗೂ ಶೇಕಡಾ 1ರ ಸಮತಲ ಮೀಸಲಾತಿಯನ್ನು ಕೊಟ್ಟುದು ದೇಶದಲ್ಲಿಯೇ ಪ್ರಥಮ. 1918ರ ಮಿಲ್ಲರ್ ಸಮಿತಿಯ ಕಾಲದಿಂದ ಮೀಸಲಾತಿಯ ತತ್ತ್ವವನ್ನು ಪರೀಕ್ಷಿಸುತ್ತ ಬಂದ ನಾಡಿಗೆ ಇದು ತಕ್ಕುದೇ ಆದ ಹೆಜ್ಜೆ. ಏಕೆಂದರೆ ಲಿಂಗಾಂತರಿಯೊಬ್ಬಳು ದಲಿತಳೂ ಆಗಿರಬಹುದು, ಒಂದನ್ನು ಪಡೆಯುವುದಕ್ಕಾಗಿ ಇನ್ನೊಂದನ್ನು ಅವಳು ಬಿಟ್ಟುಕೊಡಬೇಕಾದ ಪ್ರಮೇಯ ಈ ಏರ್ಪಾಟಿನಲ್ಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇವರಿಗೆ ಉಂಟು. ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದೂ, 2021ರಲ್ಲಿ ಪದ್ಮಶ್ರೀ ಪಡೆದುದೂ ಲಕ್ಷಾಂತರ ಜನರ ದೃಷ್ಟಿಯನ್ನು ಬದಲಾಯಿಸಿದ ಘಟನೆಗಳು. ವಸುಧೇಂದ್ರರ ‘ಮೋಹನಸ್ವಾಮಿ’, ಎ. ರೇವತಿಯವರ ಆತ್ಮಕಥೆಯ ಕನ್ನಡರೂಪವಾದ ‘ಬದುಕು ಬಯಲು’ – ಈ ಕೃತಿಗಳು ಓದುಗರ ಮನಸ್ಸಿನಲ್ಲಿ ಮಾಡಿದ ಕೆಲಸವನ್ನು ಯಾವ ಸರಕಾರಿ ಆಜ್ಞೆಯೂ ಮಾಡಲಾರದು.

ಆದರೆ ಮುಳಬಾಗಿಲು ರಾಜ್ಯದ ಪೂರ್ವದ ಅಂಚಿನಲ್ಲಿರುವ ಊರು. ಇಲ್ಲಿಂದ ಮದರಾಸಿನ ಹೆದ್ದಾರಿಯಲ್ಲಿ ನಂಗಲಿಯನ್ನು ದಾಟಿದರೆ ಆಂಧ್ರ. ಇಲ್ಲಿಯ ಮನೆಗಳಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ನೆಂಟಸ್ತನ ಪಲಮನೇರಿನಲ್ಲಿ, ದುಡಿಮೆ ಬೆಂಗಳೂರಿನಲ್ಲಿ. ಇಂಥ ಗಡಿನಾಡಿನ ಮನುಷ್ಯನಿಗೆ ರಾಜ್ಯರಾಜ್ಯಕ್ಕೂ ಬೇರೆಬೇರೆಯಾದ ಹಕ್ಕುಗಳಿಂದ ಒದಗುವ ಕಷ್ಟ ರಾಜಧಾನಿಯಲ್ಲಿ ಕುಳಿತವರಿಗೆ ಸುಲಭವಾಗಿ ಹೊಳೆಯದು. ಇಲ್ಲಿಯ ಮೀಸಲಾತಿ ಗಡಿಯಾಚೆ ಮೀಸಲಾತಿಯಲ್ಲ. ಶಕ್ತಿಯ ಟಿಕೆಟು ಗಡಿಯವರೆಗೆ. 2008ರಲ್ಲಿಯೇ ಕಲ್ಯಾಣ ಮಂಡಳಿಯನ್ನು ಸ್ಥಾಪಿಸಿದ ತಮಿಳುನಾಡಿನ ಸವಲತ್ತು ಅಲ್ಲಿಯ ನಿವಾಸಿಗಳಿಗೆ. ಸವಲತ್ತುಗಳು ರಾಜ್ಯರಾಜ್ಯಕ್ಕೆ ಬೇರೆಯಾಗಿರುವುದು ಸಂಯುಕ್ತ ರಾಜ್ಯಪದ್ಧತಿಗೆ ಸಹಜ, ಅದರಲ್ಲಿ ಆಕ್ಷೇಪಣೆಯಿಲ್ಲ. ಹೊಡೆಯಬೇಡ, ಹೊರಗಟ್ಟಬೇಡ, ಕೆಲಸ ಕಸಿಯಬೇಡ ಎಂಬ ಮೂಲರಕ್ಷಣೆ ಮಾತ್ರ ದೇಶಕ್ಕೆಲ್ಲ ಒಂದೇ ಆಗಿರಬೇಕು. ಅದನ್ನು ಸಂಸತ್ತೇ ಕೊಡಬೇಕು.

ಇದುವರೆಗೆ ಹೇಳಿದುದು ಬಹುಮಟ್ಟಿಗೆ ಕಣ್ಣಿಗೆ ಕಾಣುವವರ ಮಾತು. ಕಾಣದವರ ಸ್ಥಿತಿ ಇನ್ನೂ ಕಷ್ಟ. ಪರಸ್ಪರ ಪ್ರೀತಿಸುವ ಇಬ್ಬರು ಹುಡುಗಿಯರು ಹಳ್ಳಿಯಿಂದ ಬೆಂಗಳೂರಿಗೆ ಹೊರಟುಹೋದರೆಂದರೆ, ಮನೆಯವರು ಕಾಣೆಯಾದ ದೂರು ಕೊಡುತ್ತಾರೆ, ಪೊಲೀಸರು ಹುಡುಕಿ ತಂದು ಹೆತ್ತವರಿಗೊಪ್ಪಿಸುತ್ತಾರೆ, ತಿಂಗಳೊಳಗೆ ಮದುವೆಯಾಗುತ್ತದೆ. ಮದರಾಸಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ್ ವೆಂಕಟೇಶರು 2021ರ ಜೂನ್ 7ರಂದು ಇಂಥ ಇಬ್ಬರ ಮೊಕದ್ದಮೆಯಲ್ಲಿ, ತಾವೇ ಮೊದಲು ವಿಷಯವನ್ನು ತಜ್ಞರಿಂದ ಅರಿತುಕೊಂಡು, ಪೊಲೀಸರ ಕಿರುಕುಳವನ್ನೂ, ಚಿಕಿತ್ಸೆಯಿಂದ ಇಂಥವರ ಸ್ವಭಾವವನ್ನು ಬದಲಾಯಿಸುವೆವೆಂಬ ವೈದ್ಯರ ಕಾರ್ಯವನ್ನೂ ತಡೆದ ತೀರ್ಪು ಎಲ್ಲ ನ್ಯಾಯಾಧೀಶರೂ ಓದತಕ್ಕದ್ದು. 2024ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವೂ, ಇಂಥ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ ಆಪ್ತಸಲಹೆಯ ನೆಪದಿಂದ ವಯಸ್ಕಳ ಮನಸ್ಸನ್ನು ತಿರುಗಿಸುವ ಯತ್ನ ಕೂಡದೆಂದು ಕೆಳಗಿನ ನ್ಯಾಯಾಲಯಗಳಿಗೆ ಸೂಚಿಸಿತು. ಲೈಂಗಿಕ ಅಭಿರುಚಿಯನ್ನು ಹೆಸರಿಸಿ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಶಾಸನವೆಂದರೆ 2017ರ ಮಾನಸಿಕ ಆರೋಗ್ಯ ಅಧಿನಿಯಮವನ್ನೇ ತೋರಿಸಬೇಕು. ಅಂದರೆ, ಮನೋರೋಗದ ಆಸ್ಪತ್ರೆಯಲ್ಲಿ ಸಲಿಂಗಪ್ರೇಮಿಗೆ ಇರುವ ಹಕ್ಕು ಕಾರ್ಖಾನೆಯಲ್ಲಿ ಇಲ್ಲ, ಕಾಲೇಜಿನಲ್ಲಿ ಇಲ್ಲ, ಬಾಡಿಗೆ ಮನೆಯ ಜಗಲಿಯ ಮೇಲೆ ಇಲ್ಲ.

ವಿವಾಹದ ಪ್ರಶ್ನೆ ಪ್ರತ್ಯೇಕವಾದುದು. ಸಲಿಂಗ ವಿವಾಹವನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು. ಅದರ ಅನಂತರ ಕೇಂದ್ರ ಸರಕಾರವು ಸಂಗಾತಿಗಳಿಬ್ಬರನ್ನು ಒಂದೇ ಪಡಿತರ ಕುಟುಂಬವೆಂದೆಣಿಸುವುದಕ್ಕೂ ಜಂಟಿ ಬ್ಯಾಂಕ್ ಖಾತೆ ತೆರೆಯುವುದಕ್ಕೂ ಸೂಚನೆಗಳನ್ನು ಹೊರಡಿಸಿತು. ಅವು ಸ್ವಾಗತಾರ್ಹವೇ, ಆದರೆ ಸೂಚನೆಯನ್ನು ಪಾಲಿಸದ ಗುಮಾಸ್ತನ ಮೇಲೆ ದೂರಿಡುವ ಸ್ಥಳ ಯಾವುದೆಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ಇಂಥ ರಕ್ಷಣೆಯ ಶಾಸನವನ್ನು ವಿರೋಧಿಸುವವರಲ್ಲಿ ಕೆಲವರು, ನಮ್ಮ ಸಂಸ್ಕೃತಿ ಇದನ್ನೊಪ್ಪದೆನ್ನುತ್ತಾರೆ. ಪರವಾಗಿರುವವರಲ್ಲಿ ಕೆಲವರು ಬೃಹನ್ನಳೆಯನ್ನೂ ಶಿಖಂಡಿಯನ್ನೂ ತೋರಿಸಿ, ನಮ್ಮ ಪೂರ್ವಿಕರು ಉದಾರಿಗಳಾಗಿದ್ದರೆನ್ನುತ್ತಾರೆ. ಎರಡನೆಯವರ ಸದುದ್ದೇಶವನ್ನು ನಾನು ಗೌರವಿಸಿದರೂ, ವಿರಾಟನಗರಿಯ ಕಥೆಯಿಂದ ಯಾರಿಗೂ ಒಂದು ಬಾಡಿಗೆ ಮನೆ ಸಿಕ್ಕಿದ್ದನ್ನು ಕಾಣೆ. ಅದೇ ಕಥೆಯನ್ನು ಭಕ್ತಿಯಿಂದ ಕೇಳುವ ಮನೆಯಲ್ಲೇ ಮಗನನ್ನು ಹೊರಹಾಕಿದ್ದುಂಟು. ಸಮಾಜದ ಮನಸ್ಸು ಮೊದಲು ಬದಲಾಗಲಿ, ಕಾನೂನು ಅನಂತರ ಬರಲಿ ಎಂಬ ಮೂರನೆಯ ವಾದಕ್ಕೆ ಕೋಲಾರದ ಅನುಭವವೇ ಪ್ರತ್ಯುತ್ತರ: 1955ರಲ್ಲಿ ಸವರ್ಣರ ಮನಸ್ಸು ಬದಲಾಗಿರಲಿಲ್ಲ, ಬದಲಾಗುವವರೆಗೆ ಕಾದಿದ್ದರೆ ಇಂದಿಗೂ ಆ ಅಧಿನಿಯಮ ಬರುತ್ತಿರಲಿಲ್ಲ. ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು, ದೇಶೀಯ ಸಂಸ್ಥಾನಗಳ ಪ್ರಜೆಗಳಿಗೂ ಬ್ರಿಟಿಷ್ ಇಂಡಿಯದ ಪ್ರಜೆಗಳಿಗಿರುವಂಥ ಪ್ರಜಾಸ್ವತ್ವಗಳಿರಬೇಕೆಂದು, ಅರಮನೆಗಳಿಗೆ ಆ ಮಾತು ರುಚಿಸದಿದ್ದ ಕಾಲದಲ್ಲಿ, ದಶಕಗಳ ಕಾಲ ಬರೆದರು. ಹಕ್ಕು ಒಬ್ಬನು ವಾಸಿಸುವ ಎಲ್ಲೆಯನ್ನು ಅವಲಂಬಿಸಕೂಡದೆಂಬ ಆ ವಾದಸರಣಿಯು ಇಂದಿನ ಪ್ರಶ್ನೆಗೂ ಸಲ್ಲತಕ್ಕದ್ದೆಂದು ನನ್ನ ಮತ; ಅವರು ಈ ಪ್ರಶ್ನೆಯನ್ನು ಹೇಗೆ ತೀರ್ಮಾನಿಸುತ್ತಿದ್ದರೆಂದು ಊಹಿಸುವ ಅಧಿಕಾರ ನನಗಿಲ್ಲ.

ಬೇಕಾದ ಶಾಸನದ ಸ್ವರೂಪವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಶಶಿ ತರೂರರು 2017ರಲ್ಲಿ ಲೋಕಸಭೆಯ ಮುಂದಿಟ್ಟ ತಾರತಮ್ಯ ನಿವಾರಣೆ ಮತ್ತು ಸಮಾನತೆಯ ಖಾಸಗಿ ಮಸೂದೆ ಶಾಸನವಾಗಲಿಲ್ಲವಾದರೂ, ಜಾತಿ, ಅಂಗವೈಕಲ್ಯ, ಲಿಂಗತ್ವ, ಲೈಂಗಿಕ ಅಭಿರುಚಿಗಳೆಲ್ಲವನ್ನೂ ಒಂದೇ ಸೂರಿನಡಿಗೆ ತರುವ ಮಾದರಿ ಅದರಲ್ಲಿತ್ತು. ಆ ಮಾದರಿಗೆ 1955ರ ಅಧಿನಿಯಮದ 12ನೆಯ ಕಲಮನ್ನು ಹೋಲುವ ಒಂದು ಕಲಮನ್ನು ಅವಶ್ಯವಾಗಿ ಸೇರಿಸಬೇಕು. ಅಪರಾಧವೆನಿಸಿದ ಕೃತ್ಯವು ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆದುದೆಂದು, ತದ್ವಿರುದ್ಧವು ಸಿದ್ಧವಾಗುವವರೆಗೆ, ನ್ಯಾಯಾಲಯವು ಭಾವಿಸತಕ್ಕದ್ದೆಂದು ಆ ಕಲಮು ಹೇಳುತ್ತದೆ. ಬೀದಿಯವರು ಒಪ್ಪುವುದಿಲ್ಲವೆಂದೋ, ನೆಂಟರು ಬರುತ್ತಾರೆಂದೋ ಹೇಳುವ ನೆಪಗಳನ್ನು ನೊಂದವರೇ ಸುಳ್ಳೆಂದು ಸಾಧಿಸಬೇಕಾದರೆ ಯಾವ ಮೊಕದ್ದಮೆಯೂ ನಿಲ್ಲಲಾರದು. ನಮ್ಮ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೆಂಬ ಪೊಲೀಸ್ ವಿಭಾಗ 1970ರ ದಶಕದಿಂದಲೂ ಇದೆ. ಅದಕ್ಕೆ ಈ ದೂರುಗಳನ್ನೂ ವಹಿಸಿಕೊಡಬಹುದು.

ಸಂಸತ್ತು ಎಚ್ಚರಗೊಳ್ಳುವವರೆಗೆ ರಾಜ್ಯವೂ ಊರೂ ಸುಮ್ಮನೆ ಕುಳಿತಿರಬೇಕಾದುದಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1999ರ ಬಾಡಿಗೆ ಅಧಿನಿಯಮ ಇವೆರಡೂ ಕರ್ನಾಟಕದವೇ. ತಿದ್ದುವ ಅಧಿಕಾರ ವಿಧಾನಸೌಧಕ್ಕಿದೆ. ಮುಳಬಾಗಿಲಿನ ಪೇಟೆಬೀದಿಯ ಹೋಟೆಲು, ಲಾಡ್ಜು, ಕಲ್ಯಾಣಮಂಟಪಗಳಿಗೆ ಪರವಾನಗಿ ಕೊಡುವುದು ನಗರಸಭೆ. ಯಾವ ಗಿರಾಕಿಯನ್ನೂ ಕೆಲಸಗಾರನನ್ನೂ ಲಿಂಗತ್ವದ ಕಾರಣದಿಂದ ತಿರಸ್ಕರಿಸಕೂಡದು, ಪ್ರತ್ಯೇಕ ಪಾತ್ರೆಯಲ್ಲಿ ಬಡಿಸಕೂಡದು, ಹಾಗೆ ಮಾಡಿದುದು ಸಿದ್ಧವಾದರೆ ಪರವಾನಗಿಯನ್ನು ನವೀಕರಿಸಲಾಗದು ಎಂಬ ಷರತ್ತನ್ನು ಪರವಾನಗಿಗೆ ಸೇರಿಸಬೇಕೆಂದು ಸದಸ್ಯರೊಬ್ಬರು ಸಾಮಾನ್ಯ ಸಭೆಯಲ್ಲಿ ನಿರ್ಣಯವನ್ನು ಮಂಡಿಸಿ ಸರಕಾರಕ್ಕೆ ಕಳುಹಿಸಬಹುದು. ಆ ಕೆಲಸವನ್ನು ಬರುವ ಸಭೆಯಲ್ಲಿಯೇ ಮಾಡಬಹುದಾಗಿದೆ.